ಅಮ್ಮನ ಕಾರಿನ ಮೀಟರ್

ಶನಿವಾರ, ಮಧ್ಯಾಹ್ನದ ಬಿಡುವು

ಅಮ್ಮನಿಗೆ ಕಿರಿಮಗಳ ನಮಸ್ಕಾರ.

ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ನಿನಗೆ ಅನ್ನಿಸಿರಬೇಕು. ಫೋನಿನಲ್ಲಿ ನಾನು ಹಲೋ ಅನ್ನುವಷ್ಟರಲ್ಲೇ ನೀನು "ಏನೋ ಮುಚ್ಚಿಡ್ತಿದೀಯ" ಎಂದು ಹಿಡಿದುಬಿಡುತ್ತೀಯ. ನಾನು ಏನೂ ಇಲ್ಲ ಅನ್ನುತ್ತೇನೆ, ನೀನು ಊಟ ಆಯ್ತಾ ಅನ್ನುತ್ತೀಯ, ಮಾತು ಅಲ್ಲಿಗೆ ಮುಗಿಯುತ್ತದೆ. ನಾಲ್ಕು ತಿಂಗಳಿಂದ ಹೀಗೇ ನಡೆದಿದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ವಿಷಯ ನಿನ್ನ ಕಾರಿನದು. ಮಂಡಿನೋವು ಹೆಚ್ಚಾಗಿ ಡ್ರೈವಿಂಗ್ ಸ್ಕೂಲ್ ಮುಚ್ಚಿದ ಮೇಲೆ, ಮಾರಿಕೊಡು ಎಂದು ಅದನ್ನು ನಾನು ಕೆಲಸ ಮಾಡುವ ಹಳೇ ಕಾರಿನ ಯಾರ್ಡಿಗೆ ತಂದುಬಿಟ್ಟೆಯಲ್ಲ, ಆ ದಿನ ಅದು ಓಡಿದ್ದು ಮೂರು ಲಕ್ಷದ ನಲವತ್ತೊಂದು ಸಾವಿರ ಕಿಲೋಮೀಟರ್. ಹದಿನಾರು ವರ್ಷ ಕಲಿಯುವವರ ಕಾಲಿಗೆ ಸಿಕ್ಕಿ ಆ ಕ್ಲಚ್ಚು ತಿಂದ ಒದೆಗೆ ಲೆಕ್ಕವಿಲ್ಲ. ಕೀಲಿ ಕೊಡುತ್ತಾ ನೀನು ಎರಡು ಮಾತು ಹೇಳಿದೆ. "ಟೈಮಿಂಗ್ ಬೆಲ್ಟ್ ಬದಲಾಯಿಸಿ ಒಂದು ಲಕ್ಷ ದಾಟಿದೆ, ತಗೊಳ್ಳೋರಿಗೆ ಮರೀದೆ ಹೇಳು" ಎಂದೆ. ಆಮೇಲೆ "ಹೊಸ ಕಾರಿನ ಕಾಲು ಬೆಲೆಗಿಂತ ಒಂದು ಪೈಸೆ ಕಮ್ಮಿಗೆ ಕೊಡಬೇಡ" ಎಂದೆ. ಈ ಎರಡು ಮಾತೂ ಒಂದೇ ಕಾರಿಗೆ ಹೊಂದುವುದಿಲ್ಲ ಎಂದು ನಾನು ಅಲ್ಲೇ ಹೇಳಬೇಕಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು, ಅಮ್ಮ. ಯಾರ್ಡಿನ ಯಜಮಾನರು ಅದರ ಸುತ್ತ ಒಂದು ಸುತ್ತು ಬಂದು, "ಗುಜರಿಗೆ ಹಾಕಮ್ಮ, ತೂಕಕ್ಕೆ ತಗೋತಾರೆ" ಎಂದರು. ಎಂಜಿನ್ ಶಬ್ದ ಕೇಳಿದ ಮೆಕ್ಯಾನಿಕ್ ಮಾತ್ರ, ಇದನ್ನು ಯಾರೋ ಮಗುವಿನ ಹಾಗೆ ನೋಡಿಕೊಂಡಿದ್ದಾರೆ ಎಂದ. ಆದರೆ ನಮ್ಮ ವ್ಯಾಪಾರದಲ್ಲಿ ಎಂಜಿನ್ನಿನ ಮಾತು ಕೇಳುವವರು ಯಾರು? ಬಂದವರು ಬಾಗಿಲು ತೆಗೆದು ಮೊದಲು ಬಗ್ಗಿ ನೋಡುವುದೇ ಮೀಟರನ್ನು. ಸಣ್ಣ ಕಾರು ಒಂದು ಲಕ್ಷ ದಾಟಿದರೆ ಚೌಕಾಸಿ ಶುರು, ಎರಡು ದಾಟಿದರೆ ಮುಖ ಸಿಂಡರಿಸುತ್ತಾರೆ, ಮೂರು ದಾಟಿದ್ದನ್ನು ಕಂಡರೆ ಬಾಗಿಲು ಮೆಲ್ಲಗೆ ಹಾಕಿ ಪಕ್ಕದ ಕಾರಿಗೆ ಹೋಗುತ್ತಾರೆ. ನೀನು ಆ ಕಾರಿನಿಂದ ಅಕ್ಕನನ್ನೂ ನನ್ನನ್ನೂ ಸಾಕಿದೆ. ಅದರ ಬೆಲೆ ಈಗ ಕಬ್ಬಿಣದ ತೂಕ ಎಂದು ನಿನಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅದಕ್ಕೇ ಮೀಟರ್ ತಿರುಗಿಸಿದೆ. ನಮ್ಮಲ್ಲಿ ಅದಕ್ಕೆಂದೇ ಒಬ್ಬರಿದ್ದಾರೆ, ಎಲ್ಲರೂ ಮೀಟರ್ ಮಾಮ ಎನ್ನುತ್ತೇವೆ. ಲ್ಯಾಪ್‌ಟಾಪಿಗೆ ಒಂದು ವೈರು ಸಿಕ್ಕಿಸಿ, ದರ್ಜಿ ತೋಳಿನ ಉದ್ದ ಕೇಳುವ ಹಾಗೆ "ಎಷ್ಟಿರ್ಲಿ?" ಎಂದು ಕೇಳಿದರು. ಎಂಬತ್ತೆರಡು ಸಾವಿರ ಎಂದೆ. ಹತ್ತು ನಿಮಿಷದ ಕೆಲಸ. ಆಮೇಲೆ ನಾನೇ ಕೂತು ಸವೆದ ಪೆಡಲ್ ರಬ್ಬರು ತೆಗೆದು ಹೊಸದು ಹಾಕಿದೆ, ನುಣುಪಾಗಿದ್ದ ಸ್ಟೀರಿಂಗಿಗೆ ಕವರ್ ಹೊಲಿಸಿದೆ, ಡ್ರೈವರ್ ಸೀಟು ಬದಲಾಯಿಸಿದೆ. ಕಲಿಸುವವಳೆಂದು ನಿನ್ನ ಕಡೆಗಿದ್ದ ಬ್ರೇಕು ಕ್ಲಚ್ಚು ಬಿಚ್ಚಿಸಿ, ಆ ತೂತುಗಳ ಮೇಲೆ ಮ್ಯಾಟ್ ಹಾಸಿದೆ. ಯಾವ ಜಾಗ ನೋಡಿ ಜನ ಕಳ್ಳತನ ಹಿಡಿಯುತ್ತಾರೆ ಎಂದು ನನಗೆ ಗೊತ್ತಲ್ಲ, ಎಲ್ಲ ಮುಚ್ಚಿದೆ. ಪಕ್ಕದ ಸೀಟು ಮಾತ್ರ ಮರೆತೇಹೋಯಿತು. ಬೇರೆ ಕಾರುಗಳಲ್ಲಿ ಪಕ್ಕದ ಸೀಟು ಸವೆಯುವುದಿಲ್ಲ. ಈ ಕಾರಿನಲ್ಲಿ ಹದಿನಾರು ವರ್ಷ ಅಲ್ಲಿ ಕೂತವಳು ನೀನು.

ಕೊಳ್ಳಲು ಬಂದದ್ದು ಒಬ್ಬರು ನರ್ಸ್. ಹಾಸಿಗೆ ಹಿಡಿದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುತ್ತಾರೆ. ಎರಡು ಬಸ್ಸು ಬದಲಾಯಿಸಿ ಸಾಕಾಗಿ ಕೂಡಿಟ್ಟದ್ದನ್ನೆಲ್ಲ ತಂದಿದ್ದರು. ಡ್ರೈವರ್ ಸೀಟು ಮಟ್ಟಸ, ಪಕ್ಕದ್ದು ಗುಂಡಿ ಬಿದ್ದಿರುವುದನ್ನು ನೋಡಿ ನಕ್ಕು, "ಓಡಿಸ್ತಿದ್ದೋರು ಸಣಕಲು, ಜೊತೆಗಿದ್ದೋರು ದಪ್ಪ ಅನ್ಸುತ್ತೆ" ಎಂದರು. ನಾನೂ ನಕ್ಕೆ. ನಿವೃತ್ತರಾದ ಗಂಡ ಹೆಂಡತಿ, ವಾರಕ್ಕೊಮ್ಮೆ ಪೇಟೆಗೆ ಹೋಗಿಬರುತ್ತಿದ್ದರು ಎಂದು ಕತೆ ಕಟ್ಟಿದೆ. ಬೆಲ್ಟಿನ ಸುದ್ದಿ ನುಂಗಿಬಿಟ್ಟೆ. ಅದನ್ನು ಹೇಳಿದರೆ ಮೀಟರ್ ಸುಳ್ಳಾಗುತ್ತಿತ್ತು.

ನೀನು ಕೇಳಿದ ಬೆಲೆಯೇ ನಿನಗೆ ಬಂತು. ಎಲ್ಲ ನಿನಗಾಗಿ ಮಾಡಿದೆ ಎಂದು ಬರೆದು ಮುಗಿಸೋಣ ಎಂದುಕೊಂಡಿದ್ದೆ, ಅದೂ ಅರ್ಧ ಸುಳ್ಳು. ಗುಜರಿಗೆ ಹೋಗಿದ್ದರೆ ನನಗೆ ಕಮಿಷನ್ ಇರಲಿಲ್ಲ. ನನ್ನ ಅಡುಗೆಮನೆಯಲ್ಲಿ ನಿಂತಿರುವ ಹೊಸ ಫ್ರಿಜ್ ಆ ಕಮಿಷನ್ನಿನದು. ಯಜಮಾನರು ಕೊಡಿಸಿದರು ಎಂದು ನಿನಗೆ ಹೇಳಿದ್ದೆ.

ಅಲ್ಲಿಂದಾಚೆ ನೀನು ಬೀದಿಯವರಿಗೆಲ್ಲ, "ಗಾಡಿ ಇಟ್ಕೊಳ್ಳೋದು ಹೇಗಂತ ನನ್ನ ನೋಡಿ ಕಲೀರಿ" ಎಂದು ಹೇಳಿಕೊಂಡು ಬರುತ್ತಿದ್ದೀಯ. ತೊಂಬತ್ತು ಸಾವಿರ ಓಡಿದ ಕಾರನ್ನು ನಿಜ ಹೇಳಿ ನಿನಗೆ ಬಂದ ಬೆಲೆಯ ಅರ್ಧಕ್ಕೆ ಮಾರಿದ ಎದುರುಮನೆ ಮೇಷ್ಟ್ರನ್ನು ಎಷ್ಟು ಆಡಿಕೊಂಡೆ! ಅವರು ಈಗ ನಿನ್ನ ಕಂಡರೆ ಗೇಟು ಹಾಕಿಕೊಳ್ಳುತ್ತಾರೆ ಎಂದು ನೀನು ಫೋನಿನಲ್ಲಿ ಹೇಳಿ ನಕ್ಕಾಗ ನನಗೆ ನಾಚಿಕೆಯಾಯಿತು.

ಹೋದ ತಿಂಗಳು ನರ್ಸ್ ಮತ್ತೆ ಯಾರ್ಡಿಗೆ ಬಂದರು. ದೂರದಿಂದ ಅವರನ್ನು ಕಂಡವಳೇ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ಮೀಟರ್ ಸರಿ ಇದೆಯಲ್ಲ?" ಎಂದು ನಾನೇ ಕೇಳಿಬಿಟ್ಟೆ. ಪಾಪ, ಅವರಿಗೆ ಅದು ಹೊಳೆಯಲೂ ಇಲ್ಲ. ಅವರು ಬಂದದ್ದು ಒಂದು ಅನುಮಾನ ಕೇಳಲು. ಕಂಪನಿಯ ಪುಸ್ತಕ ಓದಿದ್ದರು. ಲಕ್ಷಕ್ಕೆ ಬೆಲ್ಟ್ ಬದಲಾಯಿಸಬೇಕಂತೆ, ತಮ್ಮದು ಇನ್ನೂ ಎಂಬತ್ತೇಳು ಸಾವಿರ, ಆದ್ದರಿಂದ ಚಿಂತೆಯಿಲ್ಲ ಅಲ್ಲವೇ ಎಂದರು. ಬರುವ ವಾರ ಮಗಳನ್ನೂ ಅವಳ ಆರು ತಿಂಗಳ ಕೂಸನ್ನೂ ಕೂರಿಸಿಕೊಂಡು ಘಟ್ಟದ ರಸ್ತೆಯಲ್ಲಿ ಹೋಗುವುದಿತ್ತು. ನಾನು, ಚಿಂತೆಯಿಲ್ಲ ಎಂದೆ ಅಮ್ಮ. ಹೌದು, ಅಂದೆ.

ಇಳಿಜಾರಿನಲ್ಲಿ ಬೆಲ್ಟ್ ಹರಿದರೆ ಎಂಜಿನ್ ನಿಲ್ಲುತ್ತದೆ, ಬ್ರೇಕು ಕಲ್ಲಾಗುತ್ತದೆ ಎಂದು ನನಗೆ ಕಲಿಸಿದವಳು ನೀನು. ಎರಡು ದಿನ ಅವರ ನಂಬರು ಒತ್ತುವುದು, ಕತ್ತರಿಸುವುದು, ಇದೇ ಆಯಿತು. ಮೂರನೆಯ ದಿನ ಅವರಿಗೆ ಫೋನ್ ಮಾಡಿ, ಹಳೇ ಗ್ರಾಹಕರಿಗೆ ಉಚಿತ ತಪಾಸಣೆ ಇದೆ ಎಂದು ಇನ್ನೊಂದು ಸುಳ್ಳು ಹೇಳಿ ಕಾರು ತರಿಸಿ, ನನ್ನ ಖರ್ಚಿನಲ್ಲಿ ಬೆಲ್ಟ್ ಹಾಕಿಸಿದೆ. ಬಿಚ್ಚಿದ ಬೆಲ್ಟನ್ನು ಮೆಕ್ಯಾನಿಕ್ ಮಡಚಿ ತೋರಿಸಿದ. ಉದ್ದಕ್ಕೂ ಬಿರುಕು, ಅಂಚಿನಲ್ಲಿ ನೂಲು ಎದ್ದಿತ್ತು. "ಇನ್ನೊಂದು ವಾರ, ಹೆಚ್ಚಂದ್ರೆ" ಎಂದ.

ನರ್ಸಿಗೆ ಏನನ್ನಿಸಿತೋ, ಮರುದಿನ ತಾವೇ ಮಾಡಿದ ಒಂದು ಡಬ್ಬಿ ಬಿಸ್ಕತ್ತು ತಂದು ನನ್ನ ಮೇಜಿನ ಮೇಲಿಟ್ಟರು. "ಈ ಕಾಲದಲ್ಲಿ ನಿಮ್ಮಂಥೋರು ಸಿಗಲ್ಲಮ್ಮ, ನಿಮ್ಮನ್ನ ಹೆತ್ತೋರು ಪುಣ್ಯವಂತರು" ಎಂದರು. ನನ್ನ ಕೈ ಡಬ್ಬಿಗೆ ಹೋಗಲಿಲ್ಲ. ಯಜಮಾನರು ಒಂದೊಂದೇ ತಿಂದು ಮುಗಿಸಿ, ಇಂಥ ಗಿರಾಕಿ ಇನ್ನೂ ನಾಲ್ಕು ಜನ ಬರಲಿ ಎಂದರು.

ಬೆಲ್ಟ್ ಹೊಸದಾಯಿತು, ಇನ್ನು ಸುಮ್ಮನಿದ್ದುಬಿಡಬಹುದು ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಆ ಕಾರಿನಲ್ಲಿ ಇನ್ನೂ ಎಷ್ಟೋ ಭಾಗಗಳಿವೆ, ಒಂದೊಂದಕ್ಕೂ ಅವರು ಪುಸ್ತಕ ನೋಡಿ, ಮೀಟರ್ ನೋಡಿ, ಇನ್ನೂ ಸಮಯವಿದೆ ಎಂದುಕೊಳ್ಳುತ್ತಾರೆ. ಅವರು ಕೊಟ್ಟ ಹೆಚ್ಚಿನ ಹಣ ನಾನು ತಿಂಗಳು ತಿಂಗಳು ತೀರಿಸುತ್ತೇನೆ. ನೀನು ಒಂದು ಪೈಸೆ ಕೊಡಬೇಕಿಲ್ಲ. ನೀನು ಹೇಳಿದ್ದು ನಿಜ, ನುಂಗಿದ್ದು ನಾನು. ಬೈಯುವುದಾದರೆ ಬೈ, ಮೌನವಾಗಿ ಮಾತ್ರ ಇರಬೇಡ. ನನ್ನ ವಿಷಯದಲ್ಲಿ ನಿನಗಿದ್ದ ಹೆಮ್ಮೆ ಹೋಗುತ್ತದಲ್ಲ, ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಅದರದ್ದೇ.

ಮಾತ್ರೆ ತಪ್ಪಿಸಬೇಡ, ಮೆಟ್ಟಿಲು ಹೆಚ್ಚು ಹತ್ತಬೇಡ.

ನಿನ್ನ,
ಮಗಳು

ಮರೆತಿದ್ದು: ಈ ಕಾಗದ ತಂದುಕೊಟ್ಟವರೇ ಆ ನರ್ಸ್. ನಿಮ್ಮ ಕಡೆ ಯಾರನ್ನೋ ನೋಡಲು ಬರುವುದಿದೆ ಎಂದರು, ನನ್ನ ಅಮ್ಮನಿಗೆ ಒಂದು ಪತ್ರ ತಲುಪಿಸುತ್ತೀರಾ ಎಂದು ಕೇಳಿದೆ. ಉತ್ತರ ಇಸಿದುಕೊಂಡೇ ಬನ್ನಿ ಎಂದೆ, ಸಂತೋಷದಿಂದ ಒಪ್ಪಿದರು. ಬಾಗಿಲಲ್ಲಿ ನಿಂತ ಕಾರನ್ನು ಇಷ್ಟು ಹೊತ್ತಿಗೆ ನೀನು ಗುರುತಿಸಿಯೂ ಇರುತ್ತೀಯ. ಅವರಿಗೆ ಎದುರು ನಿಂತು ಹೇಳಲು ಮೂರು ಸಲ ಹೋಗಿ ಮೂರು ಸಲವೂ ವಾಪಸು ಬಂದೆ. ಲಕೋಟೆಯನ್ನು ಬೇಕೆಂದೇ ಅಂಟಿಸಿಲ್ಲ. ದಾರಿಯಲ್ಲಿ ಓದಿಕೊಳ್ಳಲಿ ಎಂಬ ಆಸೆ, ಆದರೆ ಅವರು ಇನ್ನೊಬ್ಬರ ಪತ್ರ ಓದುವಂಥವರಲ್ಲ. ಅವರನ್ನು ಒಳಗೆ ಕರೆದು ಕೂರಿಸು ಅಮ್ಮ. ಮೊದಲಿನಿಂದ, ಗಟ್ಟಿಯಾಗಿ, ನೀನೇ ಓದಿ ಹೇಳು.