ಕಾದ ವರದಿ

ಪ್ರೀತಿಯ ಅಕ್ಕಾ,

ನಿವೃತ್ತರಾಗುವಾಗ ನೀವು ನನ್ನ ಕೈಗೊಪ್ಪಿಸಿದ ಆಸ್ಪತ್ರೆಯ ವೆಬ್‌ಸೈಟನ್ನು ಹೊಸ ಸರ್ವರಿಗೆ ಸಾಗಿಸಿಯಾಯಿತು. ಬೈಯಬೇಡಿ, ಹಳೇ ಕೋಡಿನಲ್ಲಿ ಬಹಳಷ್ಟು ಕಿತ್ತುಹಾಕಿದೆ. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಅಲ್ಲೇ ನೇತುಹಾಕಿದ ಹಾಗೆ, ಪಾಸ್‌ವರ್ಡನ್ನು ಕೋಡಿನೊಳಗೇ ಬರೆದಿಟ್ಟಿದ್ದಿರಲ್ಲ, ಮಹಾತಾಯಿ! ಈಗ ಎಲ್ಲ ಭದ್ರವಾಗಿದೆ.

ಒಂದನ್ನು ಮಾತ್ರ ಮುಟ್ಟಲಿಲ್ಲ. ಲ್ಯಾಬ್ ವರದಿಯಲ್ಲಿ ಕೆಟ್ಟ ಸುದ್ದಿಯಿದ್ದರೆ, ರೋಗಿಯ ಜೊತೆ ಮಾತಾಡಿಯಾಯಿತು ಎಂದು ಡಾಕ್ಟರು ಗುರುತು ಹಾಕುವವರೆಗೆ ಅದು ಫೋನಿಗೆ ಹೋಗದಂತೆ ತಡೆ ಹಾಕಿದ್ದಿರಲ್ಲ, ಅದನ್ನು. "ಇದರಿಂದಲೇ ವರದಿ ತಡ ಆಗೋದು, ತೆಗೆದುಬಿಡು" ಅಂತ ಮ್ಯಾನೇಜರು ತಲೆ ತಿಂದರು. "ಅಕ್ಕ ಸುಮ್ಮಸುಮ್ಮನೆ ಏನೂ ಬರೆಯೋರಲ್ಲ" ಅಂತ ಪಟ್ಟು ಹಿಡಿದೆ. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ.

ಹೋದ ವಾರ ಆ ತಡೆ ನಮ್ಮಮ್ಮನ ವರದಿಯನ್ನೇ ಹಿಡಿದು ನಿಲ್ಲಿಸಿತು. ಡಾಕ್ಟರು ನಮ್ಮಿಬ್ಬರನ್ನೂ ಕರೆಸಿ, ಕುರ್ಚಿ ಹತ್ತಿರ ಎಳೆದುಕೊಂಡು, ನಿಧಾನವಾಗಿ ಹೇಳಿದರು. ಸೋಮವಾರದಿಂದ ಚಿಕಿತ್ಸೆ.

ಒಂದು ಉಪಕಾರ ಮಾಡಿ. ಆ ತಡೆ ಯಾಕೆ ಬೇಕು ಅಂತ ಎರಡು ಸಾಲು ಬರೆದು ಕಳಿಸಿ, ಕೋಡಿನ ಪಕ್ಕದಲ್ಲೇ ಹಾಕುತ್ತೇನೆ. ನನ್ನ ನಂತರ ಬರುವವರೂ ನನ್ನಷ್ಟೇ ಮೊಂಡರಾಗಿರುತ್ತಾರೆ ಅಂತ ಏನು ಗ್ಯಾರಂಟಿ! ನಾನೇ ಬರೆಯೋಣವೆಂದು ಕೂತೆ, ಆಗಲಿಲ್ಲ.

ಮನೆಗೆ ಬರುವಾಗ ಅಮ್ಮ ಕೇಳಿದಳು: "ಫೋನಿಗೇ ಬರುತ್ತೆ ಅಂತಿದ್ದೆ, ಬರಲೇ ಇಲ್ವಲ್ಲೇ. ನಿನ್ನ ವೆಬ್‌ಸೈಟ್ ಕೆಟ್ಟಿತ್ತಾ?"

"ಇಲ್ಲಮ್ಮ, ನೀನು ಮನೇಲಿ ಒಬ್ಬಳೇ ಇದ್ದೆಯಲ್ಲ, ಅದಕ್ಕೇ ಕಾಯ್ತಿತ್ತು" ಅಂದೆ.

ನಿಮ್ಮ
ಮೊಂಡಿ