ಖಾಲಿ ಪೆಟ್ಟಿಗೆ ತೋರಿಸಲೊಲ್ಲದ ಕಂಪನಿಯ ಮೇಲೆ ನನ್ನ ಹೊಟ್ಟೆಕಿಚ್ಚು

ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ವಾರ್ಡ್ ಸಮಿತಿಯ ಚುನಾವಣೆಯನ್ನು ತಾವು ಖಾಸಗಿ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟಿದ್ದರಿಂದ ನನಗೆ ತಡೆಯಲಾರದ ಹೊಟ್ಟೆಕಿಚ್ಚು ಉಂಟಾಗಿದೆ ಎಂದು ಈ ಮೂಲಕ ಗಂಭೀರವಾಗಿ ದೂರುತ್ತೇನೆ.

ಒಂಬತ್ತನೇ ತರಗತಿಯಲ್ಲಿ ನಾನೂ ಒಂದು ಚುನಾವಣೆ ನಡೆಸಿದ್ದೆ. ಕ್ಲಾಸ್ ಲೀಡರ್ ಆಯ್ಕೆಗೆಂದು ಬೂಟಿನ ಡಬ್ಬಕ್ಕೆ ಸೀಳು ಕೊರೆದು, ಮೊದಲೇ ಹನ್ನೊಂದು ಚೀಟಿ ತುಂಬಿಸಿ, "ಒಳಗೆ ಇಣುಕುವಂತಿಲ್ಲ" ಎಂದು ಘೋಷಿಸಿದ್ದೆ. ಅದೇ ಶಾಲೆಯ ಟೀಚರಾದ ನನ್ನ ಅಮ್ಮ ಡಬ್ಬ ಮಗುಚಿ, ನನ್ನ ಕಿವಿ ಹಿಂಡಿ, ವಾರವಿಡೀ ಬೆಂಚಿನ ಮೇಲೆ ನಿಲ್ಲಿಸಿದರು. ಕಂಪನಿಯೂ "ಒಳಗೆ ಇಣುಕುವಂತಿಲ್ಲ" ಎಂದಿತು. ತಾವು ಅದಕ್ಕೆ ಪ್ರಶಂಸಾಪತ್ರ ಕೊಟ್ಟಿರಿ. ಒಂದೇ ಪ್ರತಿಭೆಗೆ ಎರಡು ನ್ಯಾಯವೇ, ಸ್ವಾಮಿ?

ಅಮ್ಮ ಇಪ್ಪತ್ತೆರಡು ವರ್ಷ ಮತಗಟ್ಟೆ ಅಧಿಕಾರಿಯಾಗಿದ್ದವರು. ಮತದಾನಕ್ಕೆ ಮುಂಚೆ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ತಳ ಬಡಿದು, ಪಕ್ಷಗಳ ಏಜೆಂಟರಿಗೆ ಒಳಗೆಲ್ಲ ಕೈಯಾಡಿಸಿ ನೋಡಲು ಬಿಟ್ಟು, ಆಮೇಲೆಯೇ ಸೀಲು ಹಾಕುತ್ತಿದ್ದರು. ಈ ಸಲ ಅವರು ಬರೀ ಮತದಾರರು, ಸರದಿಯಲ್ಲಿ ಮೊದಲಿಗರು. ಪೆಟ್ಟಿಗೆಯ ಪಕ್ಕ ಕಂಪನಿಯ ನೀಲಿ ಕೋಟು ತೊಟ್ಟು ನಿಂತಿದ್ದವರು ನನ್ನ ಭಾವ, ಅಕ್ಕನ ಗಂಡ. (ಆ ಕೋಟಿನ ಮೇಲೂ ನನಗೆ ಅಸೂಯೆಯೇ.)

"ಅಳಿಯಂದ್ರೇ, ಸ್ವಲ್ಪ ಪೆಟ್ಟಿಗೆ ತೆಗೆದು ತೋರಿಸಿ."

"ಆಗಲ್ಲ ಅತ್ತೆ. ಆಫೀಸಲ್ಲೇ ಸೀಲು ಹಾಕಿ ಕಳಿಸಿದಾರೆ. ಅದು ಕಂಪನಿ ಸ್ವತ್ತು."

"ಹೋಗ್ಲಿ, ಖಾಲಿ ಇದೆ ಅಂತ ನೀವಾದ್ರೂ ನೋಡಿದೀರಾ?"

"ನಂಗ್ಯಾರು ತೋರಿಸ್ತಾರೆ?"

"ಮತ್ತೆ ಇಲ್ಲಿ ನಿಂತು ಏನನ್ನ ಕಾಯ್ತಿದೀರಿ?"

ಭಾವ ಟೈ ಸರಿಮಾಡಿಕೊಂಡರು. ಅಮ್ಮ ಮತ ಹಾಕದೆ ಮನೆಗೆ ಬಂದರು, ಜೀವನದಲ್ಲೇ ಮೊದಲ ಸಲ. ಅವತ್ತು ನಾನು ಎಷ್ಟು ಕೋಡಂಗಿಯಾಟ ಆಡಿದರೂ ಅವರು ನಗಲಿಲ್ಲ.

ಸರ್ಕಾರಿ ನೌಕರರೆಲ್ಲ ಸಾಚಾ ಎಂದು ನಾನು ಹೇಳುವುದಿಲ್ಲ; ತಮ್ಮ ಕಚೇರಿಗೂ ಒಂದೆರಡು ಸಲ ಬಂದವನು ನಾನು. ಆದರೆ ಅಮ್ಮ ತಪ್ಪು ಮಾಡಿದ್ದರೆ ಜನ ನಮ್ಮ ಮನೆ ಬಾಗಿಲಿಗೇ ಬಂದು ಬೈಯಬಹುದಿತ್ತು. ಕಂಪನಿಗೆ ಬಾಗಿಲೆಲ್ಲಿದೆ? ಫೋನ್ ಮಾಡಿದರೆ "ದೂರಿಗಾಗಿ ಮೂರನ್ನು ಒತ್ತಿ" ಎಂದಿತು. ಒತ್ತಿದೆ. ಇಪ್ಪತ್ತು ನಿಮಿಷ ಕೊಳಲು ಕೇಳಿಸಿತು. ಯಾರಿಗೂ ಉತ್ತರ ಕೊಡಬೇಕಿಲ್ಲದ ಇಂಥ ಭಾಗ್ಯ ಕಂಡು ನನ್ನಂಥ ತರಲೆಯ ಹೊಟ್ಟೆ ಉರಿಯದಿರುತ್ತದೆಯೇ?

ಬರುವ ತಿಂಗಳು ನಗರಸಭೆ ಚುನಾವಣೆ. ಗುತ್ತಿಗೆ ಮತ್ತೆ ಅವರದೇ ಅಂತೆ. ಅದನ್ನು ರದ್ದು ಮಾಡಿ. ನಾವು ಮನೆಗೆ ಹೋಗಿ ಪ್ರಶ್ನೆ ಕೇಳಬಹುದಾದ ಒಬ್ಬ ಸಾರ್ವಜನಿಕ ನೌಕರರು ಎಲ್ಲರೆದುರು ಪೆಟ್ಟಿಗೆ ತೆರೆದು ತೋರಿಸಲಿ. ಅದು ಅಮ್ಮನೇ ಆಗಬೇಕೆಂದಿಲ್ಲ. ತೋರಿಸಿದರೆ ಅಮ್ಮ ಮತ ಹಾಕುತ್ತಾರೆ. ಇಲ್ಲವಾದರೆ ನಾನೂ ಅವರ ಪಕ್ಕ ಮನೆಯಲ್ಲೇ ಕೂರುತ್ತೇನೆ. ಮೊನ್ನೆಯಷ್ಟೇ ನನಗೆ ಹದಿನೆಂಟು ತುಂಬಿತು. ಇದು ನನ್ನ ಮೊದಲ ಮತ. ಇದೊಂದನ್ನು ತಮಾಷೆಗೆ ಕಳೆಯಲಾರೆ.

ಇಂತಿ,
ತಮ್ಮ ಗುತ್ತಿಗೆದಾರರ ಅದೃಷ್ಟ ತನಗಿಲ್ಲವೆಂದು ಕರುಬುತ್ತಿರುವ
ಹೊಸ ಮತದಾರ