ನಲವತ್ತು ಎಂದು ಬರೆದವರಿಗೆ

ಬೀದರಿನ ಕೆಂಪು ಕಲ್ಲಿನ ಕೆಳಗೆ, ಯಂತ್ರದ ಕೋಣೆ
ಮೇ ತಿಂಗಳ ನಲವತ್ತೊಂದನೆಯ ತಾರೀಖು, 2198

ಮಾನ್ಯರೇ,

ತಾರೀಖು ನೋಡಿ ನಗಬೇಡಿ. ಸೆಖೆ ಮುಗಿಯುವ ತನಕ ನಮ್ಮಲ್ಲಿ ಮೇ ತಿಂಗಳು ಮುಗಿಯುವುದಿಲ್ಲ; ಒಂದು ವರ್ಷ ತೊಂಬತ್ತು ದಿನ ಎಳೆದದ್ದೂ ಉಂಟು. ನನ್ನ ಮಾತುಗಳೂ ನಿಮಗೆ ವಿಚಿತ್ರ ಕಂಡಾವು, ಕ್ಷಮಿಸಿ. ನಾನು ಓದಿದ್ದು ನೆಲಶಾಲೆಯಲ್ಲಿ, ಎಂದರೆ ಭೂಮಿಯ ಕೆಳಗಿನ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ಏಳರಲ್ಲಿ ಎರಡು ಸಲ ಕೂತೆನಾದ್ದರಿಂದ ನ್ಯಾಯವಾಗಿ ಅದು ಎಂಟೇ. ಹೆಸರು ಘಾಳೆಪ್ಪ; ಊರಿಗೆಲ್ಲ ಘಾಳೆಪ್ಪ ಕಾಕಾ. ಹಳೆಯ ಕಂಪ್ಯೂಟರಿಗೆ ಜೀವ ತುಂಬುವುದರಲ್ಲಿ ಈ ಸೀಮೆಯಲ್ಲಿ ನನ್ನ ಸಮ ಇನ್ನೊಬ್ಬನಿಲ್ಲ. ಬೇರೆಯವರು ಹೇಳಲಿ ಎಂದು ಕಾದೆ, ಯಾರೂ ಹೇಳಲಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಹೊಸ ಕಂಪ್ಯೂಟರು ಮಾಡುವುದು ನಿಂತು ನೂರು ವರ್ಷವಾಯಿತು. ನಿಮ್ಮ ಕಾಲದವನ್ನೇ ತೇಪೆ ಹಾಕಿ ಬಾಳಿಸುತ್ತಿದ್ದೇವೆ. ಈ ಕೋಣೆಯದಕ್ಕೆ ಎರಡೇ ಜಿಬಿ ಮೆಮೊರಿ. ಕೀಲಿಮಣೆಯ ಮೂರು ಗುಂಡಿಗಳು ಜಾಲಿಯ ಕಟ್ಟಿಗೆಯವು, ನನ್ನದೇ ಕೆತ್ತನೆ. ಅದರೊಳಗೆ ಓಡುವುದು ನೀವು ಲಿನಕ್ಸ್ ಎಂದು ಕರೆಯುತ್ತಿದ್ದದ್ದು. ನಾವು ಊರೊಡವೆ ಎನ್ನುತ್ತೇವೆ, ಏಕೆಂದರೆ ಅದಕ್ಕೆ ಒಬ್ಬ ಒಡೆಯನಿಲ್ಲ, ಯಾರು ಬೇಕಾದರೂ ತೆರೆದು ತಿದ್ದಬಹುದು. ಎರಡು ವರ್ಷಕ್ಕೊಮ್ಮೆ ಅದರ ಹೊಸ ಕಟ್ಟು, ಎಂದರೆ ತಿದ್ದಿದ ಹೊಸ ಆವೃತ್ತಿ, ಸುರಂಗದ ದಾರಿಯಲ್ಲಿ ಕತ್ತೆಯ ಮೇಲೆ ಬರುತ್ತದೆ, ಜೋಳದ ಚೀಲಗಳ ನಡುವೆ ಒಂದು ಪೆನ್‌ಡ್ರೈವಿನಲ್ಲಿ. ಕಟ್ಟು ಏರಿಸುವಾಗ ಎರಡು ಪದ್ಧತಿ ಬಿಡುವಂತಿಲ್ಲ. ಒಂದೊಂದೇ ಮೆಟ್ಟಿಲು ಹತ್ತಬೇಕು. ಒಂದು ಬಿಸಿಗಾಲ ಅಲ್ಲಿ ಕಳೆದು ಮುಂದಿನದಕ್ಕೆ ಹೋಗಬೇಕು. ಮತ್ತೆ, ಯಾವ ಕಡತದಲ್ಲಿ ಯಾವ ಸಾಲು ತಿದ್ದಿದರೂ ಕೆಳಗೆ ಕಾರಣ ಮತ್ತು ಹೆಸರು ಬರೆದು, ಊರ ಮುಂದೆ ನಿಂತು ಓದಬೇಕು.

ಪಕ್ಕದ ನೆಲದಡಿಯ ಊರಿನ ಕಂಪ್ಯೂಟರು ನೋಡಿಕೊಳ್ಳುವ ಝರೆಮ್ಮ ಹೋದ ತಿಂಗಳು ತೊಂಬತ್ತೊಂದನೆಯ ಕಟ್ಟು ಏರಿಸಿ ಮೆರೆದಳು. ಈ ವಾರ ಕತ್ತೆ ತೊಂಬತ್ತೆರಡನ್ನು ತಂದಿತು. ನಾನು ಸುಮ್ಮನಿರುವ ಪೈಕಿಯೇ? ಇವತ್ತು ಮುಂಜಾನೆ ತೊಂಬತ್ತರಿಂದ ನೇರವಾಗಿ ತೊಂಬತ್ತೆರಡಕ್ಕೆ ಜಿಗಿದೆ. ಧೂಳು ಬರಬಾರದೆಂದು ಕಬ್ಬಿಣದ ಬಾಗಿಲು ಮುಚ್ಚಿಕೊಂಡಿದ್ದೆ. ಅದರ ಅಗಳಿಯನ್ನು ಎಳೆಯುವುದೂ ಇದೇ ಕಂಪ್ಯೂಟರು. ಅರ್ಧ ದಾರಿಯಲ್ಲಿ ಅದು ಬಾಗಿಲಿನ ಹಳೆಯ ತಂತ್ರಾಂಶವನ್ನು ಕಿತ್ತುಹಾಕಿತು, ಹೊಸದನ್ನು ಹಾಕುವ ಮೊದಲು ಒಂದು ಪ್ರಶ್ನೆ ಕೇಳಿ ನಿಂತುಬಿಟ್ಟಿತು. ಉತ್ತರ ಕೊಡುವ ಧೈರ್ಯ ಬಾರದೆ ನಾನೂ ನಿಂತುಬಿಟ್ಟೆ. ಮೇಲಿನ ಬಿಸಿಲುಹಲಗೆಗಳ ಮೇಲೆ ಮೂರು ದಿನದ ಧೂಳು ಕೂತಿದೆ. ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ ಒಂಬತ್ತು. ಅದು ಮುಗಿದರೆ ಗೋಡೆ ಕಡಿಯಬೇಕು. ಅದಕ್ಕೆ ನಾಲ್ಕು ದಿನ. ನನ್ನ ಹತ್ತಿರ ಇರುವುದು ಅರ್ಧ ತಂಬಿಗೆ ನೀರು. ಕೋಣೆ ಎಷ್ಟು ಚಿಕ್ಕದೆಂದರೆ ಕೈ ಚಾಚಿದರೆ ಎರಡೂ ಗೋಡೆ ತಾಗುತ್ತವೆ. ಮುಂಜಾನೆಯಿಂದ ಹತ್ತು ಸಲ ಚಾಚಿ ನೋಡಿದೆ.

ವೈರು ಬರುವ ತೂತಿನಿಂದ ನನ್ನ ಅಕ್ಕ ಕಸ್ತೂರಬಾಯಿಯ ಧ್ವನಿ ಕೇಳುತ್ತದೆ.

"ಘಾಳ್ಯಾ, ಜೀವಂತ ಇದ್ದೀ?"

"ಇದ್ದೀನಿ ಅಕ್ಕಾ. ಕೆಲ್ಸ ನಡ್ದದ."

"ನಡ್ದದ ನಡ್ದದ ಅಂತ ಮುಂಜಾನಿಂದ ಹೇಳ್ಲಿಕತ್ತಿ. ಬಾಗ್ಲ ಯಾಕ ತೆಗಿವಲ್ದು?"

"ಕಂಪ್ಯೂಟರ ಸ್ವಲ್ಪ ವಿಚಾರ ಮಾಡ್ಲಿಕತ್ತದ."

"ನೀ ಮೊದ್ಲೇ ಮಾಡಿದ್ರ ಅದು ಮಾಡೂದು ತಪ್ತಿತ್ತು. ಏನ್ ಕೇಳ್ತದ ಅದು?"

ಅದು ಕೇಳುವುದು ಇಷ್ಟೇ: ಬಾಗಿಲಿನ ಕಡತವನ್ನು ಹಿಂದೆ ಯಾರೋ ಕೈಯಾರೆ ತಿದ್ದಿದ್ದಾರೆ, ಅದನ್ನೇ ಇಟ್ಟುಕೊಳ್ಳಲೇ, ಹೊಸದನ್ನು ಹಾಕಲೇ? ಎರಡರ ವ್ಯತ್ಯಾಸ ತೋರಿಸು ಎಂದೆ. ಒಂದೇ ಸಾಲು. ಹೊಸದರಲ್ಲಿ ‘ಕಾಯುವ ಸೆಕೆಂಡು: 5’. ಹಳೆಯದರಲ್ಲಿ ‘40’. ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಒಂದೇ ಮಾತು, ನಿಮ್ಮ ಕಾಲದ ತಾರೀಖು. ಕಾರಣವಿಲ್ಲ, ಹೆಸರಿಲ್ಲ. ದಿನವೂ ಈ ಬಾಗಿಲು ಮೂರು ಸೆಕೆಂಡಿಗೆ ತೆರೆಯುತ್ತದೆ. ನಲವತ್ತು ಯಾಕೆ ಬೇಕು, ಮಾರಾಯರೇ?

"ಹೊಸಾದೇ ಹಾಕು," ಎಂದಳು ಅಕ್ಕ. "ಹೆಸ್ರಿಲ್ದಾವ್ರ ಮಾತು ಯಾಂವ ನಂಬ್ತಾನ?"

ಅವಳ ಮಾತು ಪದ್ಧತಿಯ ಪ್ರಕಾರ ಸರಿಯೇ. ಬ್ಯಾಟರಿ ಐದಕ್ಕೆ ಇಳಿಯುವ ತನಕ ನಾನು ನಿಮ್ಮನ್ನು ಬೈದೆ. ಆಮೇಲೆ ಬೆವರು ಒರೆಸಿಕೊಂಡು ಯೋಚಿಸಿದೆ: ಕೆಲಸವಿಲ್ಲದೆ ಯಾರೂ ಇಷ್ಟು ಕೆಳಗೆ ಇಳಿದು, ಕಡತ ತೆರೆದು, ಐದನ್ನು ಅಳಿಸಿ ನಲವತ್ತು ಬರೆಯುವುದಿಲ್ಲ. ಹಳೆಯದೇ ಇರಲಿ ಎಂದು ಕಟ್ಟಿಗೆಯ ಗುಂಡಿ ಒತ್ತಿದೆ.

ಮಿಕ್ಕದ್ದನ್ನು ಹೊರಗೆ ಕೂತು ಬರೆಯುತ್ತಿದ್ದೇನೆ. ಕಟ್ಟು ಏರಿ ಮುಗಿದಾಗ ಬ್ಯಾಟರಿ ಎರಡಕ್ಕೆ ಬಂದಿತ್ತು. ಅಗಳಿ ಮುದುಕನ ಹಾಗೆ ನರಳುತ್ತ ಹೊರಟಿತು. ಐದು ಸೆಕೆಂಡಾಯಿತು, ಹತ್ತಾಯಿತು, ಇಪ್ಪತ್ತಾಯಿತು. ಅಗಳಿ ಇನ್ನೂ ಅರ್ಧದಲ್ಲಿ. ಹೊಸ ಕಡತವಿದ್ದರೆ ಐದಕ್ಕೇ ಮೋಟಾರು ಕೆಟ್ಟಿದೆಯೆಂದು ತಿಳಿದು, ಬೀಗ ಜಡಿದು ಬಿಡುತ್ತಿತ್ತು. ಮೂವತ್ತಾರಕ್ಕೆ ಬಾಗಿಲು ತೆರೆಯಿತು. ಬ್ಯಾಟರಿ ಸೊರಗಿದಾಗ ಎಷ್ಟು ಹೊತ್ತು ಬೇಕೆಂಬುದು ಒಳಗೆ ನಿಂತು ಎಣಿಸಿದವರಿಗೆ ಮಾತ್ರ ಗೊತ್ತಾಗುವ ಸಂಗತಿ. ನೀವೂ ಈ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಿರಿ, ಅಲ್ಲವೇ?

ನಾಳೆ ಊರ ಮುಂದೆ ನಿಂತು, ಮೆಟ್ಟಿಲು ಹಾರಿದ್ದು ನನ್ನ ತಪ್ಪು ಎಂದು ಓದಬೇಕು. ಝರೆಮ್ಮನೂ ಬರುತ್ತಾಳಂತೆ, ಮುಂದಿನ ಸಾಲಿಗೆ. ನಿಮ್ಮ ಸಾಲಿನ ಕೆಳಗೆ ಕಾರಣ ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಯಾರ ಕೆಲಸಕ್ಕೂ ನನ್ನ ಹೆಸರು ಹಾಕಿಕೊಳ್ಳುವ ಅಭ್ಯಾಸ ನನ್ನದು. ಇಲ್ಲಿ ಕೈ ಬರಲಿಲ್ಲ.

ಹಿಂದಕ್ಕೆ ಹೋಗುವ ಅಂಚೆ ಇಲ್ಲವೆಂದು ನನಗೂ ಗೊತ್ತು. ಒಂದು ವೇಳೆ ಈ ಕಾಗದ ನಿಮ್ಮನ್ನು ಮುಟ್ಟಿ, ನೀವು ಆ ಸಾಲನ್ನು ಇನ್ನೂ ಬರೆದಿರದಿದ್ದರೆ, ಬರೆಯುವಾಗ ಪಕ್ಕದಲ್ಲಿ ನಿಮ್ಮ ಹೆಸರು ಹಾಕಿ. ಹೆಸರು ಮರೆತರೂ ಚಿಂತೆಯಿಲ್ಲ, ನಲವತ್ತು ಮಾತ್ರ ಮರೆಯಬೇಡಿ. ನೀವು ಅದನ್ನು ಬರೆಯುವ ತನಕ ನಾನು ಒಳಗೇ ಇದ್ದೇನೆ.

ಘಾಳೆಪ್ಪ